ಐ-ಸೆವೆನ್ ಎಂಬ ಗಿಲೀಟು

ತಂಗಿಯ ಮಗನ ಆಟದ ಕಂಪ್ಯೂಟರಿಗೆ 48,300 ರೂಪಾಯಿ ಖರ್ಚಾಯಿತು ಎಂದು ಸ್ಟಾಫ್ ರೂಮಿನಲ್ಲಿ ಬಾಯಿ ಬಿಟ್ಟದ್ದೇ ನನ್ನ ತಪ್ಪಾಯಿತು. ಗಣಿತದ ಮೇಷ್ಟ್ರು ಕೈಯಲ್ಲಿದ್ದ ಚಹಾದ ಲೋಟವನ್ನು ಮೇಜಿನ ಮೇಲಿಟ್ಟು, “ಅಲ್ಲ ಮೇಡಂ, ಓದೋ ಹುಡುಗನಿಗೆ ನೀವೇ ಮುಂದೆ ನಿಂತು ಆಟದ ಸಾಮಾನು ಕೊಡಿಸಿದ್ರಾ?” ಎಂದರು. ಹಿಂದಿ ಟೀಚರು ಅಷ್ಟು ದುಡ್ಡಿಗೆ ಒಂದು ಜೊತೆ ಓಲೆ ಬರುತ್ತಿತ್ತಲ್ಲ ಎಂದು ಕಿವಿ ಮುಟ್ಟಿಕೊಂಡರು. ಇನ್ನೊಬ್ಬರು, ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದವರು, ಕಣ್ಣನ್ನು ಅದರಿಂದ ತೆಗೆಯದೆಯೇ ಈಗಿನ ಮಕ್ಕಳು ಆಟಕ್ಕೆ ಬಿದ್ದು ಹಾಳಾಗುತ್ತಿರುವುದರ ಬಗ್ಗೆ ನಾಲ್ಕು ಮಾತು ಹೇಳಿದರು.

ಈ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ, ಏಕೆಂದರೆ ನನ್ನ ಜಗಳ ಇರುವುದು ಬೇರೆ ಕಡೆ. ಆಟವೆಂದರೆ ನಮ್ಮ ಜನಕ್ಕೆ ಮೊದಲು ನೆನಪಾಗುವುದು ದುಡ್ಡು ಕಟ್ಟಿ ಆಡುವ ರಮ್ಮಿ. ಅದನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಕಾಯಿದೆ ಮಾಡಿ ನಿಷೇಧಿಸಿತು. ಅದೇ ಕಾಯಿದೆ ಹಣ ಕಟ್ಟದ ಆಟಗಳನ್ನು ಬೇರೆಯಾಗಿಯೇ ಇಟ್ಟಿತು. ಸಂಸತ್ತಿಗೆ ಗೊತ್ತಾದ ಭೇದ ಸ್ಟಾಫ್ ರೂಮಿಗೆ ಗೊತ್ತಾಗಬಾರದೇ? ನಾವು ಚಿಕ್ಕವರಿದ್ದಾಗ ಲಗೋರಿ ಆಡಿ ಮೊಣಕಾಲು ಕೆತ್ತಿಕೊಂಡು ಬಂದದ್ದಕ್ಕೆ ಬೈಸಿಕೊಂಡಿದ್ದೇವೆಯೇ ಹೊರತು, ಲಗೋರಿಯಿಂದ ಯಾರೂ ಹಾಳಾದದ್ದನ್ನು ನಾನು ಕಾಣೆ. ಹುಡುಗ ಇಂಜಿನಿಯರಿಂಗ್ ಓದುತ್ತಿದ್ದಾನೆ, ರಾತ್ರಿ ಎರಡು ಗಂಟೆ ಆಡುತ್ತಾನೆ. ಆಡಲಿ.

ನನ್ನ ಜಗಳ ಆಟದ ಹೆಸರಿನಲ್ಲಿ ನಡೆಯುವ ವ್ಯಾಪಾರದ ಮೇಲೆ. ಅದಕ್ಕಿಂತ ಹೆಚ್ಚಾಗಿ, ಆ ವ್ಯಾಪಾರಕ್ಕೆ ಪಕ್ಕದಲ್ಲಿ ನಿಂತು ಗೋಣು ಆಡಿಸುವ ಓದಿದವರ ಮೇಲೆ. ಆ ಓದಿದವರಲ್ಲಿ ಮೊದಲನೆಯವಳು ನಾನು. ಆದ್ದರಿಂದ ಇದನ್ನು ಬರೆಯುವಾಗ ನನ್ನ ಬೆನ್ನಿಗೂ ಒಂದೆರಡು ಏಟು ಬೀಳುತ್ತದೆ.

ನಡೆದದ್ದು 2023ರ ಜನವರಿಯಲ್ಲಿ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಶಾಲೆಯ ಗೇಟಿನ ಹತ್ತಿರ ಕಾದು ನಿಂತಿದ್ದ. ಎಸ್ಸೆಸ್ಸೆಲ್ಸಿ ಆದ ಮೇಲೆ ಡಿಪ್ಲೊಮಾ ಸೇರಿ, ಅರ್ಧಕ್ಕೆ ಬಿಟ್ಟು, ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದ. ತಂದೆ ಇಲ್ಲ. ತಾಯಿ ಮನೆಗೆಲಸ ಮಾಡುತ್ತಾಳೆ. ಸುಗ್ಗಿಯಲ್ಲಿ ತಾಯಿ ಮಗ ಇಬ್ಬರೂ ಅಡಿಕೆ ಸುಲಿಯಲು ಹೋಗುತ್ತಾರೆ. ಆ ವರ್ಷದ ಸುಲಿತದ ದುಡ್ಡು, ಮೇಲೆ ತಾಯಿಯ ಸಂಘದ ಸಾಲ, ಎಲ್ಲ ಸೇರಿಸಿ 26,000 ರೂಪಾಯಿ ಜೋಡಿಸಿದ್ದ. ಮನೆಯಲ್ಲಿ ಕಂಪ್ಯೂಟರ್ ಇದ್ದರೆ ಮದುವೆ ವಿಡಿಯೋ ಕತ್ತರಿಸಿ ಜೋಡಿಸುವ ಕೆಲಸ ತಾನೇ ಹಿಡಿಯಬಹುದು, ಬಿಡುವಿನಲ್ಲಿ ತನಗಿಷ್ಟವಾದ ಕಾರಿನ ಆಟವನ್ನೂ ಆಡಬಹುದು ಎಂದು ಅವನ ಆಸೆ. “ಮೇಡಂ, ನೀವು ಜೊತೆಗಿದ್ರೆ ಅಂಗಡಿಯವ್ರು ಮೋಸ ಮಾಡಲ್ಲ” ಎಂದ. ಈ ಮಾತಿಗೆ ಉಬ್ಬದ ಟೀಚರು ಯಾರಿದ್ದಾರೆ?

ಹೋದೆ. ಅಂಗಡಿಯ ಗಾಜಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು: ಐ-7 ಗೇಮಿಂಗ್ ಪಿಸಿ, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್, 26,500 ಮಾತ್ರ. ಒಳಗೆ ಗಾಜಿನ ಪೆಟ್ಟಿಗೆ, ಅದರೊಳಗೆ ಮೂರು ಫ್ಯಾನು, ಫ್ಯಾನಿನಲ್ಲಿ ಬಣ್ಣ ಬಣ್ಣದ ದೀಪ. ಗಣಪತಿ ಪೆಂಡಾಲಿನ ಸೀರಿಯಲ್ ಸೆಟ್ಟು ಒಂದು ಪೆಟ್ಟಿಗೆಯೊಳಗೆ ಹೊಕ್ಕು ಕುಳಿತಂತಿತ್ತು. ನನಗೆ ಗೊತ್ತಿದ್ದದ್ದು ಒಂದೇ ಸಂಗತಿ: ಐ-3ಕ್ಕಿಂತ ಐ-5 ಮೇಲು, ಐ-5ಕ್ಕಿಂತ ಐ-7 ಮೇಲು. ಪಾಸು, ಫಸ್ಟ್ ಕ್ಲಾಸು, ಡಿಸ್ಟಿಂಕ್ಷನ್ನು. ಜೀವನವೆಲ್ಲ ಮಾರ್ಕ್ಸ್ ಕಾರ್ಡು ನೋಡಿದ ಕಣ್ಣಿಗೆ ಅಷ್ಟು ಸಾಕಾಗಿತ್ತು. “ಐ-ಸೆವೆನ್ ಅಂದ್ರೆ ಒಳ್ಳೇದೇ ಕಣೋ, ತಗೋ” ಎಂದೆ. ಚೌಕಾಸಿ ಮಾಡಿ 500 ರೂಪಾಯಿ ಇಳಿಸಿದೆ ಕೂಡ, ಅದಕ್ಕಾಗಿ ಆ ದಿನವೆಲ್ಲ ನನ್ನನ್ನು ನಾನೇ ಮೆಚ್ಚಿಕೊಂಡೆ.

ಅಂಗಡಿಯಾತ ಕೊಟ್ಟದ್ದು ಬಿಲ್ಲಲ್ಲ, ‘ಎಸ್ಟಿಮೇಟ್’ ಎಂದು ಮೇಲೆ ಅಚ್ಚಾದ ಒಂದು ಚೀಟಿ. ಹತ್ತನೆಯ ತರಗತಿಗೆ ಗ್ರಾಹಕರ ಹಕ್ಕುಗಳ ಪಾಠವನ್ನು ವರ್ಷಕ್ಕೊಂದು ಸಲ ಮಾಡುವವಳು ನಾನು. ಬಿಲ್ಲು ಕೇಳಿ ಪಡೆಯಿರಿ ಎಂದು ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆಯುವವಳು. ಬಿಲ್ಲು ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲೇ ಇದೆ. ಐದು ಲಕ್ಷದವರೆಗಿನ ದೂರಿಗೆ ಜಿಲ್ಲಾ ಆಯೋಗದಲ್ಲಿ ಶುಲ್ಕವೂ ಇಲ್ಲ. ಇಷ್ಟೆಲ್ಲ ಪಾಠ ಮಾಡಿದ ಬಾಯಿ ಅಂದು ತೆರೆಯಲಿಲ್ಲ. ಬಿಲ್ಲಾದರೆ ಟ್ಯಾಕ್ಸು ಸೇರುತ್ತದಲ್ಲ, ಹುಡುಗನ ಹತ್ತಿರ ಇರುವುದೇ ಇಷ್ಟು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಅದೇ ವರ್ಷದ ಆಗಸ್ಟಿನಲ್ಲಿ, ಮಳೆ ಹೊಯ್ಯುತ್ತಿದ್ದ ಒಂದು ಬೆಳಿಗ್ಗೆ, ಹುಡುಗ ಅಕ್ಕಿಚೀಲದಲ್ಲಿ ಏನನ್ನೋ ಸುತ್ತಿಕೊಂಡು ಬಂದ. ಹಿಂದಿನ ರಾತ್ರಿ ಕರೆಂಟು ಹೋಗಿ ಬಂದಾಗ ಪಟ್ ಎಂದು ಸದ್ದಾಗಿ, ಸುಟ್ಟ ವಾಸನೆ ಮನೆಯೆಲ್ಲ ತುಂಬಿತಂತೆ. ಚೀಲದಲ್ಲಿದ್ದದ್ದು ಎಸ್‌ಎಂಪಿಎಸ್, ಎಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಒಗ್ಗುವಂತೆ ಇಳಿಸಿ ಹಂಚುವ ಪೆಟ್ಟಿಗೆ. ಅದು ಸಾಯುವಾಗ ಒಂಟಿಯಾಗಿ ಸಾಯಲಿಲ್ಲ, ಮದರ್ ಬೋರ್ಡನ್ನೂ ಕರೆದುಕೊಂಡು ಹೋಯಿತು. ಅಂಗಡಿಗೆ ಹೋದರೆ, “ಹಳೇ ಪಾರ್ಟಿಗೆ ಟೆಸ್ಟಿಂಗ್ ವಾರಂಟಿ ಒಂದ್ ವಾರ ಅಷ್ಟೇ ಮೇಡಂ, ಅವತ್ತೇ ಹೇಳಿದ್ವಲ್ಲ” ಎಂದರು. ಹಳೆಯದು ಎಂಬ ಶಬ್ದವನ್ನು ನಾನು ಕೇಳಿದ್ದು ಅದೇ ಮೊದಲು.

ಹುಡುಗ ನನ್ನನ್ನು ಒಂದು ಮಾತೂ ಆಡಲಿಲ್ಲ. ಅರ್ಧ ದುಡ್ಡು ನಾನು ಕೊಡುತ್ತೇನೆ ಎಂದರೆ, “ನಿಮ್ದೇನ್ ತಪ್ಪು ಮೇಡಂ” ಎಂದು ಹೋದ. ಅವನ ತಾಯಿ ಮುಂದಿನ ಒಂದೂವರೆ ವರ್ಷ ವಾರವಾರ ಸಂಘಕ್ಕೆ ಕಂತು ಕಟ್ಟಿದಳು.

ಆ ಪೆಟ್ಟಿಗೆಯೊಳಗೆ ಏನಿತ್ತು ಎಂದು ನನಗೆ ತಿಳಿದದ್ದು ಮಾರನೆಯ ವರ್ಷ, ತಂಗಿಯ ಮಗ ತನಗೂ ಒಂದು ಬೇಕೆಂದು ಹಟ ಹಿಡಿದಾಗ. ಈ ಸಲ ನಾನು ಕಲಿಯದೆ ದುಡ್ಡು ಬಿಚ್ಚುವುದಿಲ್ಲ ಎಂದೆ. 2024ರ ಬೇಸಿಗೆ ರಜೆಯಲ್ಲಿ ನಮ್ಮ ಊಟದ ಮೇಜಿನ ಮೇಲೆ ಒಂದು ನೂರು ಪುಟದ ನೋಟುಬುಕ್ಕಿಟ್ಟುಕೊಂಡು ದೊಡ್ಡಮ್ಮ ಮಗ ಇಬ್ಬರೂ ಕೂತೆವು. ನನಗಿರುವುದು ಬಿ.ಎ., ಬಿ.ಎಡ್. ವಿಜ್ಞಾನ ಓದಿದವಳಲ್ಲ. ಆದರೆ ಇದರಲ್ಲಿ ಗುಣಾಕಾರ ಭಾಗಾಕಾರಕ್ಕಿಂತ ಹೆಚ್ಚಿನದೇನೂ ಬೇಕಾಗಿಲ್ಲ ಎಂಬುದೇ ನನಗೆ ಮೊದಲು ಸಿಟ್ಟು ಬರಿಸಿದ ಸಂಗತಿ. ಇಷ್ಟು ಸುಲಭದ್ದನ್ನು ಅಂದೇ ಕೇಳಬಹುದಿತ್ತಲ್ಲ!

ಮೊದಲು ಆ ಐ-ಸೆವೆನ್ನು. ಹುಡುಗನ ಎಸ್ಟಿಮೇಟ್ ಚೀಟಿಯ ಮೂಲೆಯಲ್ಲಿ 2600 ಎಂದು ಗೀಚಿತ್ತು. ಐ-7 2600 ಎಂಬುದು ಇಂಟೆಲ್ ಕಂಪನಿ 2011ರ ಜನವರಿಯಲ್ಲಿ ಹೊರತಂದ ಪ್ರೊಸೆಸರ್. ಮೊದಲ ಅಂಕಿ 2 ಎಂದರೆ ಎರಡನೆಯ ಪೀಳಿಗೆ. ಅದರ ಕಾಲಕ್ಕೆ ಅದು ಶೂರನೇ. ಆದರೆ ಅದೇ ಕಂಪನಿ 2022ರಲ್ಲಿ ತಂದ ಐ-3 12100, ಹೆಸರಿಗೆ ಬರೀ ಐ-3 ಆದರೂ, ಹನ್ನೆರಡನೆಯ ಪೀಳಿಗೆಯದು. ಎರಡರಲ್ಲೂ ಕೋರುಗಳು ನಾಲ್ಕೇ. ಕೆಲಸದಲ್ಲಿ ಮಾತ್ರ ಈ ಐ-3 ಆ ಐ-7ನ್ನು ಎಷ್ಟೋ ಹಿಂದೆ ಹಾಕುತ್ತದೆ. ಇನ್ನೂ ಚೋದ್ಯ ನೋಡಿ: 2016ರಲ್ಲಿ ಲ್ಯಾಪ್‌ಟಾಪುಗಳಿಗೆಂದು ಬಂದ ಐ-7 7500ಯು ಎಂಬುದರಲ್ಲಿ ಇದ್ದದ್ದೇ ಎರಡು ಕೋರು. ಅಂದಮೇಲೆ ಈ ಏಳು ಎಂಬುದು ಯಾವುದರ ಅಳತೆ? ಯಾವುದರದ್ದೂ ಅಲ್ಲ. ಅದು ಆಯಾ ವರ್ಷದ ತರಗತಿಯೊಳಗಿನ ರ‍್ಯಾಂಕು ಮಾತ್ರ. 2011ರ ಏಳನೆಯ ತರಗತಿಯ ಫಸ್ಟ್ ರ‍್ಯಾಂಕು ಹುಡುಗನನ್ನು ತಂದು, 2022ರ ಹತ್ತನೆಯ ತರಗತಿಯ ಸಾಧಾರಣ ಹುಡುಗನ ಪಕ್ಕ ನಿಲ್ಲಿಸಿ, ಇವನು ರ‍್ಯಾಂಕು ಎಂದರೆ ಹೇಗೋ ಹಾಗೆ. ಇಂಟೆಲ್ ಕಂಪನಿಯೇ 2023ರಲ್ಲಿ ಮುಂದಿನ ಪ್ರೊಸೆಸರುಗಳ ಹೆಸರಿನಿಂದ ಆ ‘ಐ’ ಅಕ್ಷರವನ್ನು ಕೈಬಿಡುವುದಾಗಿ ಹೇಳಿತು. ನಮ್ಮ ಅಂಗಡಿಯ ಗಾಜಿನಿಂದ ಅದು ಇಳಿಯುವ ಲಕ್ಷಣವಿಲ್ಲ.

ಹಳೆಯದೆಂದರೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಐವತ್ತು ದಾಟಿದವಳು ಹಾಗೆ ಹೇಳಿದರೆ ಕೊಡಲಿ ನನ್ನ ಕಾಲಿಗೇ. ಆಫೀಸುಗಳಿಂದ ಇಳಿದು ಬಂದ ಹಳೆಯ ಕಂಪ್ಯೂಟರನ್ನು ಹಳೆಯದೆಂದೇ ಹೇಳಿ, ಎಂಟು ಹತ್ತು ಸಾವಿರಕ್ಕೆ ಕೊಟ್ಟರೆ ಟೈಪಿಂಗಿಗೆ, ಲೆಕ್ಕಕ್ಕೆ, ಮಕ್ಕಳ ಓದಿಗೆ ಅದರಷ್ಟು ಉಪಕಾರ ಇನ್ನೊಂದಿಲ್ಲ. ಅಂಥ ವ್ಯಾಪಾರಿಗೆ ನನ್ನ ನಮಸ್ಕಾರ. ಅದಕ್ಕೆ ಗಾಜು ಹಾಕಿ, ದೀಪ ಹಚ್ಚಿ, ‘ಗೇಮಿಂಗ್’ ಎಂದು ಬರೆದು, ಇಸವಿಯನ್ನು ಮುಚ್ಚಿಟ್ಟು, 26,000ಕ್ಕೆ ಮಾರುವುದೇ ಗಿಲೀಟು. ಆ ಪ್ರೊಸೆಸರಿನ ಮೇಲೆ ವಿಂಡೋಸ್ 11 ಹಾಕಲು ಮೈಕ್ರೋಸಾಫ್ಟಿನ ಒಪ್ಪಿಗೆ ಇಲ್ಲ, ಇಂಟೆಲ್‌ನವು ಎಂಟನೆಯ ಪೀಳಿಗೆಯಿಂದ ಈಚಿನವಾಗಿರಬೇಕು. ವಿಂಡೋಸ್ 10ರ ಸೇವೆ 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತದೆಂದು ಬಹಳ ಮೊದಲೇ ಗೊತ್ತಿತ್ತು. 2023ರಲ್ಲಿ ಮಾರಿದವನಿಗೂ ಗೊತ್ತಿತ್ತು.

ಇನ್ನು ಆ 4 ಜಿಬಿ ಗ್ರಾಫಿಕ್ಸು. ನನ್ನ ಮಟ್ಟಿಗೆ ಇಡೀ ಮೋಸದಲ್ಲಿ ಅತ್ಯಂತ ನಾಜೂಕಾದದ್ದು ಇದು. ಹುಡುಗನಿಗೆ ಸಿಕ್ಕಿದ್ದು ಜಿಟಿ 730, 2014ರ ಕಾರ್ಡು. 4 ಜಿಬಿ ಇದ್ದದ್ದು ಸುಳ್ಳಲ್ಲ. ಆದರೆ ಬಿಸಿಯೂಟ ಬಡಿಸಿದವರಿಗೆ ಒಂದು ಮಾತು ಗೊತ್ತು: ಪಾತ್ರೆ ಎಷ್ಟು ದೊಡ್ಡದು ಎಂಬುದರಿಂದ ಸಾಲು ಕರಗುವುದಿಲ್ಲ, ಸೌಟು ಎಷ್ಟು ದೊಡ್ಡದು, ಬಡಿಸುವ ಕೈ ಎಷ್ಟು ಎಂಬುದರಿಂದ ಕರಗುತ್ತದೆ. ಆ ಕಾರ್ಡಿನ 64 ಬಿಟ್ ಡಿಡಿಆರ್3 ಮಾದರಿ ತನ್ನ ಪಾತ್ರೆಯಿಂದ ಸೆಕೆಂಡಿಗೆ ಬಡಿಸಬಲ್ಲದ್ದು 14.4 ಗಿಗಾಬೈಟ್. ನಾವು ಕೊನೆಗೆ ಕೊಂಡ ಆರ್‌ಎಕ್ಸ್ 6600 ಎಂಬ ಕಾರ್ಡು ಬಡಿಸುವುದು 224. ಹದಿನೈದು ಪಟ್ಟು! ಪಾತ್ರೆ ಮಾತ್ರ ನಾಲ್ಕರ ಬದಲು ಎಂಟು, ಎಂದರೆ ಎರಡೇ ಪಟ್ಟು. ಅಂಗಡಿಯವನು ಪಾತ್ರೆಯ ಅಳತೆ ಮಾತ್ರ ಗಾಜಿನ ಮೇಲೆ ಬರೆಯುತ್ತಾನೆ. ಟೀ ಚಮಚದಲ್ಲಿ ಬಡಿಸುವ ಅನ್ನದ ಹಂಡೆ ಅದು. ಹುಡುಗನ ಕಾರು ಪರದೆಯ ಮೇಲೆ ತಡವರಿಸುತ್ತ, ನಿಂತು ನಿಂತು, ನಮ್ಮೂರಿನ ಕೊನೆ ಬಸ್ಸಿನ ಹಾಗೆ ಓಡುತ್ತಿತ್ತಂತೆ. ತನಗೇ ಆಡಲು ಬರುವುದಿಲ್ಲವೇನೋ ಎಂದುಕೊಂಡಿದ್ದನಂತೆ ಪಾಪ.

ಇದು ಬರೀ ಸಣ್ಣ ಊರಿನ ಸಣ್ಣ ಅಂಗಡಿಯವರ ಕಸುಬು ಎಂದುಕೊಳ್ಳಬೇಡಿ. ಎನ್ವಿಡಿಯಾದ ಜಿಟಿ 1030 ಎಂಬ ಕಾರ್ಡು 2017ರಲ್ಲಿ ಬಂದಾಗ ಸೆಕೆಂಡಿಗೆ 48 ಗಿಗಾಬೈಟ್ ಬಡಿಸುತ್ತಿತ್ತು. ಮರುವರ್ಷ ಅದೇ ಹೆಸರಿನಲ್ಲಿ ಡಿಡಿಆರ್4 ಮೆಮೊರಿಯದ್ದು ಬಂತು. ಅದು ಬಡಿಸಿದ್ದು 16.8. ಹೆಸರು ಅದೇ, ಜಿಬಿ ಅದೇ. ಎಎಂಡಿಯ ಆರ್‌ಎಕ್ಸ್ 580 ಎಂಬುದರಲ್ಲಿ 2304 ಸಣ್ಣ ಘಟಕಗಳಿದ್ದವು. 2018ರಲ್ಲಿ ಚೀನಾದ ಮಾರುಕಟ್ಟೆಗೆ 2048 ಘಟಕಗಳದ್ದೂ 580 ಎಂಬ ಹೆಸರಲ್ಲೇ ಬಂತು. ತಂಗಿಯ ಮಗ ಒಂದು ದಿನ, “ದೊಡ್ಡಮ್ಮಾ, ಆರ್‌ಎಕ್ಸ್ 580 ಏಳು ಸಾವಿರಕ್ಕೆ ಸಿಗ್ತಾ ಇದೆ” ಎಂದು ಕುಣಿದುಕೊಂಡು ಬಂದ. ಕನ್ನಡಕ ಹಾಕಿಕೊಂಡು ಸಣ್ಣ ಅಕ್ಷರ ಓದಿದೆ: 2048. ಇಂಥ ಕಾರ್ಡುಗಳು ಬಹಳಷ್ಟು ನಾಣ್ಯ ಗಣಿಗಾರಿಕೆ ಎಂಬ ಕೆಲಸದಲ್ಲಿ ಹಗಲಿರುಳು ದುಡಿದು ಬಂದವು. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಎಂಬ ನಾಣ್ಯ ತನ್ನ ಪದ್ಧತಿ ಬದಲಿಸಿದಾಗ ಕೆಲಸ ಕಳೆದುಕೊಂಡು ಮಾರುಕಟ್ಟೆಗೆ ಬಿದ್ದವು. ಕೆಲವು ಇನ್ನೂ ಗಟ್ಟಿ ಇರುತ್ತವೆ, ಇಲ್ಲವೆನ್ನುವುದಿಲ್ಲ. ಆದರೆ ವಾರಂಟಿ ಇಲ್ಲದ, ಇಸವಿ ತಿಳಿಯದ, ಒರೆಸಿ ಹೊಸ ಡಬ್ಬಿಗೆ ಹಾಕಿದ ಎತ್ತನ್ನು ಹಲ್ಲು ನೋಡದೆ ಕೊಳ್ಳುವವರು ಯಾರು?

ಹಲ್ಲು ನೋಡುವುದು ಎಂದೆ. ಅಂಗಡಿಯಲ್ಲಿ ಕೊಳ್ಳುವ ಐದು ರೂಪಾಯಿಯ ಬಿಸ್ಕೆಟ್ ಪೊಟ್ಟಣದ ಮೇಲೂ ತಯಾರಾದ ತಿಂಗಳು, ವರ್ಷ ಅಚ್ಚಾಗಿರುತ್ತದೆ. ಪೊಟ್ಟಣ ಕಟ್ಟಿದ ಸಾಮಾನಿಗೆ 2011ರ ನಿಯಮವೇ ಇದೆ. 26,000 ರೂಪಾಯಿಯ ಯಂತ್ರದ ಜಾಹೀರಾತಿನಲ್ಲಿ ಪ್ರೊಸೆಸರಿನ ಇಸವಿ, ಕಾರ್ಡಿನ ಪೂರ್ತಿ ಹೆಸರು, ಎಸ್‌ಎಂಪಿಎಸ್ ಯಾರದ್ದು, ಯಾವ ಭಾಗಕ್ಕೆ ಎಷ್ಟು ವರ್ಷದ ವಾರಂಟಿ — ಈ ನಾಲ್ಕು ಸಾಲು ಬರೆಯಲು ಏನು ಕಷ್ಟ? ಬಡವರು ಕಡಿಮೆ ಬೆಲೆಯದ್ದೇ ಕೇಳುತ್ತಾರೆ, ನಾವೇನು ಮಾಡೋಣ ಎಂಬುದು ಅಂಗಡಿಯವರ ಉತ್ತರ. ಬಡವರು ಕಡಿಮೆ ಬೆಲೆ ಕೇಳುತ್ತಾರೆ, ನಿಜ. ಸುಳ್ಳು ಕೇಳುವುದಿಲ್ಲ.

ಈಗ ಆ ಸುಟ್ಟ ಪೆಟ್ಟಿಗೆಗೆ ಬರೋಣ. ಅದನ್ನು ನಾನು ಎಸೆಯಲು ಬಿಟ್ಟಿರಲಿಲ್ಲ. ಅದರ ಮೈಮೇಲೆ 450 ವ್ಯಾಟ್ ಎಂದು ದಪ್ಪಕ್ಷರದಲ್ಲಿತ್ತು. ಕೈಯಲ್ಲಿ ಹಿಡಿದರೆ ಖಾಲಿ ಟಿಫಿನ್ ಡಬ್ಬಿಯಷ್ಟು ಹಗುರ. ತಂಗಿಯ ಮಗ ಕೆಳಗಿನ ಸಣ್ಣ ಕೋಷ್ಟಕ ತೋರಿಸಿದ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡು ಎರಡೂ ಉಣ್ಣುವುದು ಮುಖ್ಯವಾಗಿ 12 ವೋಲ್ಟಿನ ಸಾಲಿನಿಂದ. ಅಲ್ಲಿ 16 ಆಂಪಿಯರ್ ಎಂದಿತ್ತು. ಹನ್ನೆರಡು ಹದಿನಾರಲೆ ನೂರ ತೊಂಬತ್ತೆರಡು. 450 ಎಲ್ಲಿ, 192 ಎಲ್ಲಿ? ಆ 192ನ್ನಾದರೂ ಅದು ನಿಜವಾಗಿ ಕೊಡುತ್ತಿತ್ತೆಂದು ನಂಬಲು ಕಾರಣವಿಲ್ಲ. ನಾವು ಕೊಂಡದ್ದು 550 ವ್ಯಾಟಿನದು, 12 ವೋಲ್ಟಿನ ಸಾಲಿನಲ್ಲಿ 45 ಆಂಪಿಯರ್, ಗುಣಿಸಿದರೆ 540. ನಮ್ಮ ಪ್ರೊಸೆಸರ್ ಹೆಚ್ಚೆಂದರೆ 89 ವ್ಯಾಟ್, ಕಾರ್ಡು 132. ಎರಡೂ ಸೇರಿ 221. ಇಷ್ಟು ದೊಡ್ಡದು ಬೇಕಾಗಿರಲಿಲ್ಲ ಎಂದು ನೀವು ಹೇಳಬಹುದು. ಮುಂದೆ ಕಾರ್ಡು ಬದಲಿಸಿದರೂ ಇದು ಇರಲಿ ಎಂದು ನಾನೇ ಹಟ ಮಾಡಿದೆ. ಅದರ ಮೇಲೆ 80 ಪ್ಲಸ್ ಎಂಬ ಮುದ್ರೆಯೂ ಇತ್ತು. ಅದನ್ನು ಐಎಸ್‌ಐ ಮುದ್ರೆಯಂತೆ ತಿಳಿಯಬಾರದು ಎಂಬುದೂ ಆಗಲೇ ಗೊತ್ತಾಯಿತು: ಅದು ಹೇಳುವುದು ಗೋಡೆಯಿಂದ ಎಳೆದ ಕರೆಂಟಿನಲ್ಲಿ ಎಷ್ಟು ಪೋಲಾಗುತ್ತದೆ ಎಂಬುದನ್ನು ಮಾತ್ರ, ಸುಟ್ಟುಹೋಗುವುದಿಲ್ಲ ಎಂದಲ್ಲ. ಅದಕ್ಕೆ ಒಳ್ಳೆಯ ಕಂಪನಿ, ಐದು ವರ್ಷದ ವಾರಂಟಿ ನೋಡಬೇಕು. ನಾಲ್ಕು ಸಾವಿರದ ಚಿಲ್ಲರೆ ಕೊಟ್ಟೆವು. ದೀಪವಿಲ್ಲ, ಬಣ್ಣವಿಲ್ಲ, ಕಪ್ಪು ಇಟ್ಟಿಗೆಯ ಹಾಗಿದೆ.

ಎಸ್‌ಎಂಪಿಎಸ್ ಎಷ್ಟೇ ಒಳ್ಳೆಯದಿದ್ದರೂ ನಮ್ಮ ಮನೆಗಳ ವೈರಿಂಗ್ ಇದೆಯಲ್ಲ, ಅದೊಂದು ಪುರಾಣ. ಕಂಪ್ಯೂಟರಿನ ತಗಡು ಮುಟ್ಟಿದರೆ ಬೆರಳು ಜುಂ ಎನ್ನುತ್ತದೆ ಎಂದು ಹುಡುಗನ ತಾಯಿ ಹಿಂದೆಯೇ ಹೇಳಿದ್ದಳು. ನಾನು, “ಚಪ್ಪಲಿ ಹಾಕ್ಕೊಂಡು ಕೂರೋಕೆ ಹೇಳು” ಎಂದಿದ್ದೆ! ಅರ್ಥಿಂಗ್ ಇಲ್ಲ ಎಂಬುದರ ಸೂಚನೆ ಅದು. ಮೂರು ಕಡ್ಡಿಯ ಪ್ಲಗ್ಗಿಗೆ ಎರಡು ಕಡ್ಡಿಯ ತುಂಡು ಸಿಕ್ಕಿಸಿ ನಡೆಸುವುದು ನಮ್ಮಲ್ಲಿ ಮಾಮೂಲು. ತಂಗಿಯ ಮನೆಯಲ್ಲೂ ಅರ್ಥಿಂಗಿನ ಗುಂಡಿ ಬೇಸಿಗೆಗೆ ಒಣಗಿ ಬೂದಿಯಾಗಿತ್ತು. ಕಂಪ್ಯೂಟರಿನ ಮೊದಲ ಖರ್ಚು ಪ್ರೊಸೆಸರಿಗಲ್ಲ, ಇದ್ದಿಲಿಗೆ ಮತ್ತು ಉಪ್ಪಿಗೆ ಆಯಿತು. ಎಲೆಕ್ಟ್ರಿಷಿಯನ್ ಗುಂಡಿ ತೋಡಿಸಿ, ತುಂಬಿಸಿ, ನೀರು ಹೊಯ್ಯಿಸಿ ಹೋದ. ಆ ಲೆಕ್ಕ 48,300ರಲ್ಲಿ ಸೇರಿಲ್ಲ.

ಆರಿಸುವುದರಲ್ಲಿ ನಮ್ಮಿಬ್ಬರಿಗೂ ಜಗಳವಾಗಲಿಲ್ಲವೆಂದಲ್ಲ. ನನಗೆ ಎಎಂಡಿಯ ರೈಜೆನ್ 5 5600ಜಿ ಮೇಲೆ ಕಣ್ಣಿತ್ತು. ಆರು ಕೋರು, ಗ್ರಾಫಿಕ್ಸ್ ಅದರೊಳಗೇ ಇದೆ, ಬೇರೆ ಕಾರ್ಡಿನ ಖರ್ಚಿಲ್ಲ. ಅವನು ಆಟಕ್ಕೆ ಅದು ಸಾಲದು, ಸಣ್ಣ ಪ್ರೊಸೆಸರ್ ತೆಗೆದುಕೊಂಡು ಉಳಿದದ್ದನ್ನು ಕಾರ್ಡಿಗೆ ಸುರಿಯಬೇಕು ಎಂದ. ಒಟ್ಟು ಹಣದ ಐದರಲ್ಲಿ ಎರಡು ಪಾಲಿಗಿಂತ ಹೆಚ್ಚು ಒಂದೇ ಭಾಗಕ್ಕೆ! ಹೆಣ್ಣುಮಗಳ ಮದುವೆಯಲ್ಲಿ ಮಂಟಪಕ್ಕೇ ಅರ್ಧ ಖರ್ಚು ಮಾಡಿದಂತೆ ನನಗೆ ಕಂಡಿತು. ಮೂರು ದಿನ ವಾದ ನಡೆಯಿತು. ಕೊನೆಗೆ ಅವನು ಹೇಳಿದ್ದೇ ಸರಿ ಎಂದು ಒಪ್ಪಿದೆ, ಏಕೆಂದರೆ ನಾವು ಕಟ್ಟುತ್ತಿದ್ದದ್ದು ಆಟದ ಯಂತ್ರವನ್ನೇ, ಬ್ಯಾಂಕಿನ ಕೌಂಟರಿನ ಯಂತ್ರವನ್ನಲ್ಲ. ಹೆಸರು ಗೇಮಿಂಗ್, ದುಡ್ಡು ಹಾಕುವುದು ದೀಪಕ್ಕೆ ಎಂದಾಗಬಾರದು. ಅದೇ ನ್ಯಾಯದ ಮೇಲೆ ಅವನ ಬಣ್ಣದ ಫ್ಯಾನುಗಳನ್ನು ನಾನು ಹೊಡೆದುಹಾಕಿದೆ. ಗಾಳಿಯಾಡುವ ಜಾಲರಿಯ ಮುಖದ ಸಾದಾ ಕ್ಯಾಬಿನೆಟ್ಟು, 2,600. ಮುಖ ಊದಿಸಿಕೊಂಡ, ಎರಡು ದಿನ.

ರ‍್ಯಾಮಿನದು ಸಣ್ಣ ಮಾತು: 16ರ ಒಂದು ಕಡ್ಡಿಯ ಬದಲು ಎಂಟೆಂಟರ ಎರಡು. ಡಿಡಿಆರ್4 3200ರ ಒಂದು ಕಡ್ಡಿ ಸೆಕೆಂಡಿಗೆ 25.6 ಗಿಗಾಬೈಟ್ ಸಾಗಿಸಿದರೆ ಎರಡು ಸೇರಿ 51.2. ಮತ್ತೆ ಬಡಿಸುವ ಕೈಯ ಲೆಕ್ಕವೇ.

ಜೂನಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋದೆವು. ಸಿಟಿ ಮಾರ್ಕೆಟ್ಟಿನ ಹತ್ತಿರದ ಎಸ್.ಪಿ. ರಸ್ತೆ, ಎಂದರೆ ಸಾದರ ಪತ್ರಪ್ಪ ರಸ್ತೆ, ಕಾಲಿಡಲು ಜಾಗವಿಲ್ಲದ ಓಣಿ. “ಬನ್ನಿ ಅಮ್ಮಾ, ಲ್ಯಾಪ್‌ಟಾಪಾ, ಗೇಮಿಂಗಾ?” ಎಂದು ಎರಡೂ ಕಡೆಯಿಂದ ಕೂಗು. ನಾನು ನೋಟುಬುಕ್ಕು ತೆರೆದು ಒಂದೊಂದೇ ಸಾಲು ಓದಿದೆ. ಐ-3 12100ಎಫ್ 8,200, ಬೋರ್ಡು 6,100, ರ‍್ಯಾಮ್ 3,200, 500 ಜಿಬಿ ಎಸ್‌ಎಸ್‌ಡಿ 3,300, ಕಾರ್ಡು 20,800, ಎಸ್‌ಎಂಪಿಎಸ್ 4,100, ಕ್ಯಾಬಿನೆಟ್ಟು ಆಗಲೇ ಹೇಳಿದೆ. ಮೊದಲು ಹೊಕ್ಕ ಅಂಗಡಿಯಲ್ಲಿ, ಬಿಲ್ಲು ಬೇಡವೆಂದರೆ ಮೂರು ಸಾವಿರ ಬಿಡುತ್ತೇನೆ ಎಂದರು. ಎದ್ದು ಬಂದೆ. 18 ಪರ್ಸೆಂಟ್ ಜಿಎಸ್‌ಟಿ, ಒಟ್ಟಿನಲ್ಲಿ ಏಳು ಸಾವಿರದ ಮೇಲೆ, ಆಟದ ಸಾಮಾನಿಗೆ ಸರಕಾರಕ್ಕೆ ಕಟ್ಟಿದೆ. ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಆದರೆ ಪ್ರತಿ ಭಾಗದ ಸೀರಿಯಲ್ ನಂಬರು ಬಿಲ್ಲಿನ ಮೇಲೆ ಬರೆಸಿಕೊಂಡೆ.

ಮನೆಗೆ ತಂದು ಅವನೇ ಜೋಡಿಸಿದ. ಸ್ವಿಚ್ಚು ಒತ್ತಿದರೆ ಫ್ಯಾನು ತಿರುಗಿತು, ಪರದೆ ಕಪ್ಪು. ತಂಗಿ ನನ್ನ ಮುಖ ನೋಡಿದಳು. ನನಗೆ ಸುಟ್ಟ ವಾಸನೆಯೇ ಮೂಗಿಗೆ ಬಂದಂತಾಯಿತು. ಅರ್ಧ ಗಂಟೆ ಎಲ್ಲ ಬಿಚ್ಚಿ ಕಟ್ಟಿದ ಮೇಲೆ ನೋಟುಬುಕ್ಕಿನಲ್ಲಿ ನಾನೇ ಬರೆದಿದ್ದ ಒಂದು ಸಾಲು ಕಣ್ಣಿಗೆ ಬಿತ್ತು: ಹೆಸರಿನ ಕೊನೆಯ ‘ಎಫ್’ ಎಂದರೆ ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇಲ್ಲ. ಪರದೆಯ ಕೇಬಲ್ಲನ್ನು ಬೋರ್ಡಿನ ತೂತಿಗೆ ಹಾಕಿದ್ದ, ಕಾರ್ಡಿನದ್ದಕ್ಕೆ ಹಾಕಬೇಕಿತ್ತು. ಬದಲಿಸಿದ, ಬೆಳಕಾಯಿತು. ಆ ಎಫ್ ಅಕ್ಷರದಿಂದ ಬೆಲೆ ಕಡಿಮೆಯಾಗುವುದು ನಿಜ. ಕಾರ್ಡು ಕೆಟ್ಟ ದಿನ ಯಂತ್ರ ಕುರುಡಾಗುವುದೂ ನಿಜ. ಗೊತ್ತಿದ್ದೇ ಒಪ್ಪಿದ್ದು.

ನನ್ನ ಸಹೋದ್ಯೋಗಿಗಳಿಗೆ ಇಷ್ಟೇ ಕೇಳುವುದು: ನಿಮ್ಮ ಮಗನಿಗೆ ‘ಓದಲು’ ಎಂದು ಕೊಡಿಸಿದ ಲ್ಯಾಪ್‌ಟಾಪಿನ ಐ-7ರ ಮುಂದಿನ ಅಂಕಿ ಯಾವುದು? ನೋಡಿದ್ದೀರಾ? ಗಣಿತದ ಮೇಷ್ಟ್ರು ಮರುದಿನ ನೋಡಿಕೊಂಡು ಬಂದರು. ಏನೂ ಹೇಳಲಿಲ್ಲ. ಚಹಾ ಮಾತ್ರ ಅವರೇ ಕುಡಿಸಿದರು.

ಹಳೆಯ ವಿದ್ಯಾರ್ಥಿ 2025ರ ದೀಪಾವಳಿಗೆ ಮನೆಗೆ ಬಂದಿದ್ದ. ಸ್ಟುಡಿಯೋದಲ್ಲಿ ಸಂಬಳ ಹೆಚ್ಚಾಗಿದೆ, ಸಂಘದ ಸಾಲ ತೀರಿದೆ. ತಂಗಿಯ ಮಗನೂ ಹಬ್ಬಕ್ಕೆ ಬಂದಿದ್ದ, ಕಂಪ್ಯೂಟರನ್ನೂ ಹೊತ್ತು ತಂದಿದ್ದ. ಹುಡುಗ ಆಟ ನೋಡುವ ಮೊದಲು ಪಕ್ಕದ ತಗಡು ತೆಗೆಸಿ, ಎಸ್‌ಎಂಪಿಎಸ್ಸಿನ ಚೀಟಿಯನ್ನು ಬಗ್ಗಿ ಓದಿದ. ನನ್ನ ನೋಟುಬುಕ್ಕಿನಿಂದ 5600ಜಿ ಲೆಕ್ಕ ಬರೆದಿದ್ದ ಹಾಳೆಯನ್ನು ಕೇಳಿ ಹರಿದುಕೊಂಡು ಹೋದ. ಈಗ ಕಾರ್ಡಿಲ್ಲದೆ ಕಟ್ಟುವುದು, ಕಾರ್ಡು ಮುಂದಿನ ಸುಗ್ಗಿಗೆ ಎಂದು ಅವನ ಲೆಕ್ಕ.

ಆದರೆ ಆ ಹೊತ್ತಿಗೆ ಕೃತಕ ಬುದ್ಧಿಯ ದೊಡ್ಡ ದೊಡ್ಡ ಕೇಂದ್ರಗಳಿಗೆ ಮೆಮೊರಿ ಬೇಕಾಗಿ ರ‍್ಯಾಮಿನ ಬೆಲೆ ಏರತೊಡಗಿತ್ತು. ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ಎಸ್.ಪಿ. ರಸ್ತೆಯಿಂದ ಫೋನು ಮಾಡಿದ. ಹಿಂದೆ ಕೂಗಾಟ ಕೇಳಿಸುತ್ತಿತ್ತು.

“ಮೇಡಂ, ನಿಮ್ಮ ಹಾಳೇಲಿರೋ ರೇಟಿಗೆ ಎರಡು ಕಡ್ಡಿ ಬರಲ್ಲ. ಒಂದೇ ಬರಲ್ಲ. ಒಂದು ಹಾಕಿಸ್ತೀನಿ, ಇನ್ನೊಂದು ಆಮೇಲೆ. ಆಗುತ್ತಲ್ಲ?”

“ನಿಧಾನ ಆಗುತ್ತೆ ಕಣೋ. ಆಟಕ್ಕೆ ಚೆನ್ನಾಗಿರಲ್ಲ.”

“ವಿಡಿಯೋ ಕೆಲಸ ನಡೀಲಿ ಮೇಡಂ. ಆಟ ಆಮೇಲಾಯ್ತು.”

“ಬಿಲ್ಲು?”

“ಬರೀತಾ ಇದಾರೆ. ಸೀರಿಯಲ್ ನಂಬರೂ ಬರೆಸ್ತಾ ಇದೀನಿ, ಇರಿ” ಎಂದು ಫೋನನ್ನು ಹಾಗೇ ಹಿಡಿದು ಅಂಗಡಿಯವನಿಗೆ ಒಂದೊಂದೇ ಅಂಕಿ ಓದಿ ಹೇಳತೊಡಗಿದ.